ಮಗನಿಗಿ ಡಿಎಂಡಿ ಅದ: ರಾತ್ರಿ ಬೈಪ್ಯಾಪ್ ಬೇಕಂತಾರ, ಮನ್ಯಾಗ ಆಕ್ಸಿಜನ್ ಇಟ್ರ ಸಾಲಂಗಿಲ್ಲೇನ್ರಿ?

ತೊಗರಿಹೊಲ, ಚಿತ್ತಾಪುರ ತಾಲ್ಲೂಕು

ಎಲ್ಲರಿಗೂ ಶರಣು ಶರಣಾರ್ಥಿ. ನನ್ನ ಮಗನಿಗಿ 15 ವರ್ಷ. ಡುಶೇನ್ ಮಸ್ಕ್ಯುಲರ್ ಡಿಸ್ಟ್ರೊಫಿ, ಡಿಎಂಡಿ ಅಂತಾರಲ್ರಿ, ಸ್ನಾಯು ಕರಗೋ ರೋಗ, ಅದು. ಸಣ್ಣವ ಇದ್ದಾಗೇ ಗೊತ್ತಾಗಿತ್ತು. ಹನ್ನೊಂದನೇ ವರ್ಷಕ್ಕ ನಡಿಯೋದು ನಿಂತು ಗಾಲಿ ಕುರ್ಚಿ ಹಿಡದಾನ. ಸ್ಟೆರಾಯ್ಡ್ ಗುಳಿಗಿ ನಡದಾವ. ಈ ವರ್ಷ ಎಸ್ಸೆಸ್ಸೆಲ್ಸಿ, ಓದಿನಾಗ ಚುರುಕ ಅದಾನ.

ಮಳಿಗಾಲ ಮುಗದ ಮ್ಯಾಲ ಹುಡುಗ ಬದಲಾಗ್ಯಾನ. ಮುಂಜಾನಿ ಏಳೋದ್ರಾಗೇ ತೆಲಿ ನೋವು ಅಂತಾನ, ಬಿಸಲು ಏರೋ ಹೊತ್ತಿಗಿ ತಾನೇ ಕಮ್ಮಿ ಆಗ್ತದ. ನಾಷ್ಟಾ ಬ್ಯಾಡ ಅಂತಾನ. ಸಾಲ್ಯಾಗ ಕುಂತಲ್ಲೇ ಜೋಂಪು ಹತ್ತತದಂತ ಮಾಸ್ತರು ಹೇಳಿ ಕಳಿಸ್ಯಾರ. ರಾತ್ರಿ ಮಗ್ಗಲಾ ಹೊಳ್ಳಸು ಅಂತ ಮೊದಲ ಒಂದೆರಡು ಸಲ ಕರೀತಿದ್ದ, ಈಗ ತಾಸಿಗೊಮ್ಮೆ ಕರೀತಾನ. ಕೆಟ್ಟ ಕನಸು ಬೀಳ್ತಾವಂತ. ದಮ್ಮು ಹತ್ತತದೇನೋ ಅಂತ ಕೇಳಿದ್ರ ಇಲ್ಲ ಅಂತಾನ. ಬೆರಳಿಗಿ ಹಾಕಿ ಆಕ್ಸಿಜನ್ ನೋಡೋ ಮಷಿನ್ ಹಗಲಿನಾಗ 96, 97 ತೋರಸ್ತದ.

ಹೋದ ತಿಂಗಳು ನಗಡಿ ಬಂದು ಕಫ ಎದ್ಯಾಗ ಕುಂತು. ಕೆಮ್ಮಲಾಕ ನೋಡ್ತಾನ, ಆ ಕೆಮ್ಮಿಗಿ ಜೋರೇ ಇಲ್ಲ, ಗಂಟಲಾಗ ಗುರಗುರ ಅಂತದ ಅಷ್ಟೇ. ದವಾಖಾನಿಗಿ ಒಯ್ದಿವಿ. ಆಕ್ಸಿಜನ್ ಹಚ್ಚಿದ್ರು. ಬೆರಳಿನ ನಂಬರ್ ಏರ್ತು, ಹುಡುಗ ಮಾತ್ರ ಮಂಪರಿಗಿ ಹೋದ, ಕರದ್ರ ಓ ಅನ್ನವಲ್ಲ. ರಾತ್ರಿ ಪಾಳಿಗಿ ಬಂದ ಬ್ಯಾರೆ ಡಾಕ್ಟರು ರಕ್ತ ಪರೀಕ್ಷಿ ಮಾಡಿಸಿ, ಮುಖಕ್ಕ ಮಾಸ್ಕ್ ಕಟ್ಟಿ ಒಂದು ಮಷಿನ್ ಹಚ್ಚಿದ್ರು. ನಸುಕಿನಾಗ ಕಣ್ಣು ತೆರದು ನೀರು ಕೇಳಿದ. ಮನಿಗಿ ಕಳಸುವಾಗ, ಉಸಿರಿನ ಪರೀಕ್ಷಿ, ನಿದ್ದಿ ಪರೀಕ್ಷಿ ಮಾಡಸ್ರಿ, ರಾತ್ರಿ ಬೈಪ್ಯಾಪ್, ಅಂದ್ರ ಮಾಸ್ಕಿನಿಂದ ಗಾಳಿ ಒತ್ತಿ ಉಸಿರಾಡಸೋ ಅಂಥಾ ಮಷಿನ್, ಬೇಕಾಗಬಹುದು ಅಂದಾರ.

ಈಗ ಮನ್ಯಾಗ ಒಬ್ಬೊಬ್ಬರದು ಒಂದೊಂದು ಮಾತು. ಮಷಿನ್ ಒಮ್ಮೆ ಹಚ್ಚಿದ್ರ ಬಿಡಂಗಿಲ್ಲ, ಇದ್ದ ಶಕ್ತಿನೂ ಹೋಗ್ತದ ಅಂತ ನಮ್ಮ ಅತ್ತಿಯವರು ಅಳ್ತಾರ. ಬಾಜು ಮನಿಯವರ ಹಂತ್ಯಾಕ ಕೊರೊನಾ ಟೈಮಿನಾಗ ತಂದ ಆಕ್ಸಿಜನ್ ಮಷಿನ್ ಅದ, ಒಯ್ಯಿರಿ ಅಂದಾರ. ನಮ್ಮನಿಯವರು ಕಲ್ಲಿನ ಪಾಲಿಶ್ ಕೆಲಸಕ್ಕ ಹೋಗ್ತಾರ, ಎಷ್ಟು ರೊಕ್ಕ ಕೂಡಬೇಕೋ ತಿಳೀವಲ್ದು. ಊರಾಗ ಕರೆಂಟ್ ಬ್ಯಾರೆ ಹೋಗ್ತಾ ಬರ್ತಾ ಇರ್ತದ.

ಆಕ್ಸಿಜನ್ ಇಟ್ರ ಸಾಲ್ತದೋ? ಬೈಪ್ಯಾಪ್ ರೂಢಿ ಬಿದ್ದುಬಿಡ್ತದೋ? ಈ ಕೆಮ್ಮಿಗಿ ಏನು ಮಾಡಬೇಕು? ಗೊತ್ತಿದ್ದವರು ಹೇಳ್ರಿ.

ಶರಣನಗರಿ, ಕಲಬುರಗಿ

ಅಕ್ಕಾರೆ, ಧೈರ್ಯ ತಗೊಳ್ರಿ. ನಮ್ಮ ತಂದಿಯವರಿಗಿ ಬೀಡಿ ಸೇದಿ ಪುಪ್ಪುಸ ಕೆಟ್ಟಿತ್ತು. ಡಾಕ್ಟರು ಹೇಳಿದಂಗ ಮನ್ಯಾಗೇ ಆಕ್ಸಿಜನ್ ಮಷಿನ್ ಇಟ್ಟಿವಿ, ಭಾಳ ಅನುಕೂಲ ಆತು. ಬಾಜುದವರು ಪುಕ್ಕಟೆ ಕೊಡ್ತಾರಂದ್ರ ತಂದಿಟ್ಟುಕೊಳ್ರಿ, ಹೊತ್ತಿಗಿ ಬೇಕಾಗ್ತದ.

ಗಾಲಿಕುರ್ಚಿ, ಬೀದರ್

ಅಕ್ಕಾರೆ, ಡಾಕ್ಟರು ಹೇಳದ ಹೊರತು ಆ ಆಕ್ಸಿಜನ್ ಮಷಿನ್ ಹಚ್ಚಬ್ಯಾಡ್ರಿ. ಇದನ್ನ ಮೊದಲು ಹೇಳಿಬಿಡ್ತೀನಿ, ಉಳಿದದ್ದು ಆಮ್ಯಾಲ.

ನಾನೂ ಡಿಎಂಡಿ ಇರೋನೇ. ವಯಸ್ಸು 24. ಹದಿನೇಳನೇ ವರ್ಷದಿಂದ ರಾತ್ರಿ ಬೈಪ್ಯಾಪ್ ಹಾಕ್ಕೊಂಡೇ ಮಕ್ಕೊಳ್ತೀನಿ. ಫೋನಿನಾಗ ಒಂದೇ ಹೆಬ್ಬೆಟ್ಟಿನಿಂದ ಬರೀತೀನಿ, ಹಂಗಾಗಿ ಈ ಉತ್ತರ ಬರಲಾಕ ತಡ ಆಗ್ಯದ. ಪೂರ್ತಿ ಓದ್ರಿ. ನಿಮ್ಮ ಮಗ ಈಗ ಹೇಳೋ ಮಾತೆಲ್ಲ ನಾ ಬೈಪ್ಯಾಪ್ ಬರೋ ಮುಂಚೆ ನಮ್ಮವ್ವಗ ಹೇಳಿದ್ದೇ.

ಮ್ಯಾಲಿನ ಅಣ್ಣಾರ ತಂದಿಯವರಿಗಿ ಕೆಟ್ಟಿದ್ದು ಪುಪ್ಪುಸ. ನಮ್ಮ ಪುಪ್ಪುಸ ಹಂಗ ಕೆಟ್ಟಿರಂಗಿಲ್ಲ, ಅವನ್ನ ಹಿಗ್ಗಿಸೋ ಸ್ನಾಯು ಸೋತಿರ್ತಾವ. ಕುಲುಮ್ಯಾಗ ಇದ್ದಲಿ ಅದ, ಬೆಂಕಿ ಅದ, ತಿದಿ ಒತ್ತೋ ಕೈ ದಣದದ, ಹಂಗ. ಗಾಳಿ ಒಳಗ ಹೋಗೋದೂ ಕಮ್ಮಿ, ಹೊರಗ ಬರೋದೂ ಕಮ್ಮಿ. ಹೊರಗ ಹೋಗಬೇಕಾದ ಕಾರ್ಬನ್ ಡೈಆಕ್ಸೈಡ್ ರಕ್ತದಾಗ ಉಳೀತದ. ಮುಂಜಾನಿ ತೆಲಿ ನೋವು, ಹಸಿವಿ ಇಲ್ಲದ್ದು, ಹಗಲು ಜೋಂಪು, ಇವೆಲ್ಲ ಅದರ ಗುರುತು. ಅಂಥಾದ್ರಾಗ ಬರೇ ಆಕ್ಸಿಜನ್ ಹಚ್ಚಿದ್ರ ಬೆರಳಿನ ನಂಬರ್ ಚಂದ ಕಾಣ್ತದ, ಒಳಗ ಕಾರ್ಬನ್ ಡೈಆಕ್ಸೈಡ್ ಏರ್ತಾನೇ ಇರ್ತದ, ಉಸಿರು ಎಳಿ ಅಂತ ಮೆದುಳು ಕೊಡೋ ಒತ್ತಾಯನೂ ಕಮ್ಮಿ ಆಗಬಹುದು. ಮನುಷ್ಯ ಮಂಪರಿಗಿ ಜಾರ್ತಾನ. ದವಾಖಾನ್ಯಾಗ ನಿಮ್ಮ ಹುಡುಗನಿಗಿ ಆಗಿದ್ದು ಇದೇ ಇರಬೇಕು ಅನಿಸ್ತದ. ಆ ರಾತ್ರಿಯ ರಕ್ತ ಪರೀಕ್ಷಿ ಚೀಟಿ ತೆಗದಿಡ್ರಿ, ಅದರಾಗ ಕಾರ್ಬನ್ ಡೈಆಕ್ಸೈಡಿನ ಅಂಕಿ ಇರ್ತದ. ಎಚ್ಚರ ಇದ್ದಾಗ ಅದು 45 ದಾಟಿದ್ರ ಬೈಪ್ಯಾಪ್ ಬಗ್ಗೆ ಡಾಕ್ಟರು ಆವಾಗೇ ಮಾತಾಡ್ತಾರ. ನ್ಯುಮೋನಿಯಾದಂಥಾದ್ರಾಗ ನಮಗೂ ಆಕ್ಸಿಜನ್ ಬೇಕಾಗ್ತದ, ಇಲ್ಲ ಅನ್ನಂಗಿಲ್ಲ. ಆವಾಗ ಬೈಪ್ಯಾಪ್ ಜೋಡಿ, ಕಾರ್ಬನ್ ಡೈಆಕ್ಸೈಡ್ ನೋಡ್ಕೋತ ಕೊಡ್ತಾರ.

ದಮ್ಮು ಹತ್ತಂಗಿಲ್ಲ ಅಂತಾನ ಅಂದ್ರಿ. ಓಡಂಗಿಲ್ಲ, ಮೆಟ್ಟಲ ಏರಂಗಿಲ್ಲ, ಕುರ್ಚ್ಯಾಗ ಕುಂತ ನಮಗ ದಮ್ಮು ಎಲ್ಲಿಂದ ಹತ್ತಬೇಕ್ರಿ? ನಮ್ಮಂಥವರಾಗ ಮೊದಲು ಕೆಡೋದು ನಿದ್ದಿ. ಕನಸು ಬೀಳೋ ನಿದ್ದ್ಯಾಗ ವಪೆ (ಎದಿ ಹೊಟ್ಟಿ ನಡುವಿನ ಉಸಿರಿನ ಸ್ನಾಯು) ಒಂದು ಬಿಟ್ಟು ಉಸಿರಿನ ಉಳಿದ ಸ್ನಾಯು ಸಡಲ ಬೀಳ್ತಾವ. ವಪೆನೂ ಸೋತಿದ್ರ ಉಸಿರು ತಗ್ಗತದ, ಮೆದುಳು ಎಬ್ಬಸ್ತದ. ಎದ್ದ ಹುಡುಗನಿಗಿ ಉಸಿರು ಕಟ್ಟಿದ್ದು ತಿಳಿಯಂಗಿಲ್ಲ, ಮಗ್ಗಲಾ ಹೊಳ್ಳಸು ಅಂತಾನ. ಹಗಲಿನ 96 ನೋಡಿ ಸುಮ್ಮನಾಗಬ್ಯಾಡ್ರಿ.

ಅತ್ತಿಯವರ ಅಂಜಿಕಿ ನಮ್ಮ ಅಜ್ಜಿಗೂ ಇತ್ತು. ಬೈಪ್ಯಾಪ್ ಶಕ್ತಿ ತಿನ್ನಂಗಿಲ್ಲ. ಸ್ನಾಯು ಕರಗಸೋದು ರೋಗ, ಮಷಿನ್ ಇದ್ರೂ ಕರಗಸ್ತದ, ಇಲ್ಲದಿದ್ರೂ ಕರಗಸ್ತದ. ರಾತ್ರಿ ಅವಕ್ಕ ವಿಶ್ರಾಂತಿ ಸಿಕ್ರ ಹಗಲು ಕೆಲಸ ಮಾಡ್ತಾವ. ವರ್ಷ ಹೋದಂಗ ಹಗಲೂ ಬೇಕಾಗ್ತದ, ನನಗ ಈಗ ಮಧ್ಯಾಹ್ನ ಊಟ ಆದ ಮ್ಯಾಲ ಸ್ವಲ್ಪ ಹೊತ್ತು ಬೇಕು. ಅದನ್ನ ರೋಗ ತಂದದ, ಮಷಿನ್ ತಂದಿಲ್ಲ. ಮಷಿನ್ ಬಂದ ಮ್ಯಾಲ ನನ್ನ ತೆಲಿ ನೋವು ಹೋಗ್ಯದ, ಮೈ ಹಿಡದದ, ಪಿಯುಸಿ ಮುಗಿಸಿ ಡಿಗ್ರಿ ಮಾಡೀನಿ, ಈಗ ಮನ್ಯಾಗ ಕುಂತು ಲೆಕ್ಕಪತ್ರದ ಕೆಲಸ ಮಾಡ್ತೀನಿ. ಅತ್ತಿಯವರಿಗಿ ಇದನ್ನ ಓದಿ ಹೇಳ್ರಿ.

ಮೊದಮೊದಲು ಕಷ್ಟ ಅದ, ಅದನ್ನೂ ಹೇಳ್ತೀನಿ. ಗಾಳಿ ಮುಖಕ್ಕ ನುಗ್ಗತದ, ಬಾಯಿ ಒಣಗತದ, ಹೊಟ್ಟ್ಯಾಗ ಗಾಳಿ ಸೇರಿ ಉಬ್ಬತದ, ಮೂಗಿನ ಮ್ಯಾಲ ಕೆಂಪಗ ಗಾಯ ಆಗ್ತದ. ನಮ್ಮಪ್ಪ ಒಂದು ಚಲೋ ಕೆಲಸ ಮಾಡಿದ. ರಾತ್ರಿ ಒತ್ತಾಯ ಮಾಡಲಿಲ್ಲ, ಹಗಲಿನಾಗ ಕ್ರಿಕೆಟ್ ನೋಡೋ ಮುಂದ ಮಾಸ್ಕ್ ಹಾಕಿಸಿದ. ಅರ್ಧ ತಾಸಿನಿಂದ ಶುರು ಮಾಡಿ ಬರೂಬರೂತ ರಾತ್ರಿಗಿ ಒಯ್ದ. ಹೊಟ್ಟಿ ಉಬ್ಬರ ಇದ್ರ ಡಾಕ್ಟರಿಗಿ ಹೇಳ್ರಿ, ಒತ್ತಡ ಸರಿ ಮಾಡ್ತಾರ. ಗಾಯ ಆದ್ರ ಮಾಸ್ಕಿನ ಪಟ್ಟಿ ಇನ್ನೂ ಬಿಗಿ ಮಾಡಬ್ಯಾಡ್ರಿ, ಅಳತಿ ಬದಲಿ ಮಾಡಸ್ರಿ. ಒಂದು ಮಾತು ಮನಸ್ಸಿನಾಗ ಇಟ್ಟುಕೊಳ್ರಿ: ಹುಡುಗನಿಗಿ ಕೈ ಎತ್ತಿ ಮಾಸ್ಕ್ ತೆಗಿಯಲಾಕ ಬರಂಗಿಲ್ಲ ಅಂದ್ರ ಮೂಗು ಬಾಯಿ ಎರಡೂ ಮುಚ್ಚೋ ಮಾಸ್ಕ್ ಅಪಾಯ, ವಾಂತಿ ಆದ್ರ, ಕರೆಂಟ್ ಹೋದ್ರ ಏನು ಮಾಡ್ತಾನ? ನಂದು ಬರೇ ಮೂಗಿನ ಮಾಸ್ಕ್. ಬೆರಳಿನ ಕೆಳಗ ಕಾಲಿಂಗ್ ಬೆಲ್ಲಿನ ಗುಂಡಿ ಇಟ್ಟಾರ, ಗಂಟಿ ಅಪ್ಪನ ತೆಲಿ ಹಂತ್ಯಾಕ ಅದ.

ಅಂಗಡಿಯವರು ಸಿಪ್ಯಾಪ್ ತೋರಿಸಿ ಇದೂ ಅದೇ, ಕಮ್ಮಿ ರೇಟು ಅಂದ್ರ ತಗೋಬ್ಯಾಡ್ರಿ. ಅದು ಗೊರಕಿ ಹೊಡದು ಉಸಿರು ಕಟ್ಟೋರಿಗಿ, ಒಂದೇ ಒತ್ತಡ ಕೊಡ್ತದ. ನಮಗ ಉಸಿರು ಎಳಿಯುವಾಗ ಜಾಸ್ತಿ, ಬಿಡುವಾಗ ಕಮ್ಮಿ ಒತ್ತಡ ಬೇಕು. ಮತ್ತ ನಾವು ಎಳಿಯಲಿಲ್ಲ ಅಂದ್ರೂ ನಿಮಿಷಕ್ಕ ಇಷ್ಟು ಅಂತ ಅದೇ ಉಸಿರು ಕೊಡಬೇಕು, ಆ ಸೌಲಭ್ಯ ಎಸ್‌ಟಿ ಮೋಡಿನಾಗ ಇರ್ತದ. ಸೆಟ್ಟಿಂಗ್ ಅಂಗಡಿಯವರ ಕೈಯಾಗ ಬಿಡಬ್ಯಾಡ್ರಿ, ಡಾಕ್ಟರೇ ಬರದು ಕೊಡಲಿ.

ಪರೀಕ್ಷಿಗಿ: ಕೊಳವ್ಯಾಗ ಊದೋ ಪಿಎಫ್‌ಟಿ ಕಲಬುರಗಿಯ ಮೆಡಿಕಲ್ ಕಾಲೇಜ್ ದವಾಖಾನಿಗಳ ಶ್ವಾಸಕೋಶ ವಿಭಾಗದಾಗ ಕೇಳ್ರಿ. ಕುಂತು ಒಮ್ಮೆ, ಮಕ್ಕೊಂಡು ಒಮ್ಮೆ ಊದಸ್ರಿ ಅಂತ ನೀವೇ ಹೇಳ್ರಿ. ಮಕ್ಕೊಂಡಾಗ ಭಾಳ ಇಳದ್ರ ವಪೆ ಸೋತದ ಅಂತ ಅರ್ಥ. ಎಫ್‌ವಿಸಿ ಅಂತ ಒಂದು ಅಂಕಿ ಬರ್ತದ, ಎದಿ ತುಂಬ ಎಳದು ಪೂರ್ತಿ ಊದಿದ ಗಾಳಿ ಎಷ್ಟಂತ, ಅದು ಆ ವಯಸ್ಸಿಗಿ ಇರಬೇಕಾದ್ದರ 50 ಪರ್ಸೆಂಟಿಗಿಂತ ಕೆಳಗ ಇದ್ರ ರಾತ್ರಿ ಮಷಿನ್ ಶುರು ಮಾಡೋ ಹೊತ್ತು ಬಂದದ. ನಿದ್ದಿ ಪರೀಕ್ಷಿ, ಪೂರ್ತಿ ತಪಾಸಣಿ ಎಲ್ಲಾ ಒಂದೇ ಕಡಿ ಬೇಕಂದ್ರ ಬೆಂಗಳೂರಿನ ನಿಮ್ಹಾನ್ಸಿನಾಗ ನರಸ್ನಾಯು ರೋಗದ ಕ್ಲಿನಿಕ್ ಅದ. ಡಿಎಂಡಿ ಹೃದಯಕ್ಕೂ ಹತ್ತತದ, ವರ್ಷಕ್ಕೊಮ್ಮೆ ಎಕೊ (ಹೃದಯದ ಸ್ಕ್ಯಾನ್) ಬೇಕು. ಅದಕ್ಕ ಬೆಂಗಳೂರು ಬ್ಯಾಡ, ಕಲಬುರಗಿಯ ಜಯದೇವ ಹೃದಯ ದವಾಖಾನ್ಯಾಗೇ ಆಗ್ತದ.

ಎದೆಫಿಸಿಯೊ, ಕಲಬುರಗಿ

ಬೀದರಿನ ತಮ್ಮ ಬರೆದದ್ದು ಸರಿಯಾಗಿದೆ. ನಾನು ಎದೆಯ ಫಿಸಿಯೊಥೆರಪಿ ಮಾಡುವವಳು, ಕೆಮ್ಮಿನ ವಿಷಯ ಮಾತ್ರ ಹೇಳುತ್ತೇನೆ ಅಮ್ಮಾ. ಡಿಎಂಡಿ ಮಕ್ಕಳು ನಗಡಿಯಿಂದ ಐಸಿಯುಗೆ ಬರುವುದು ಬಹಳ ಸಲ ಈ ಕೆಮ್ಮು ಸೋತ ಕಾರಣಕ್ಕೇ, ಅದನ್ನು ಮನೆಯಲ್ಲೇ ತಡೆಯಲು ಸಾಧ್ಯವಿರುವಾಗ ನನಗೆ ಬಹಳ ಸಂಕಟವಾಗುತ್ತದೆ.

ಕೆಮ್ಮಬೇಕಾದರೆ ಮೊದಲು ಎದೆ ತುಂಬ ಗಾಳಿ ಬೇಕು, ಆಮೇಲೆ ಗಂಟಲು ಬಿಗಿಹಿಡಿಯಬೇಕು, ಕೊನೆಗೆ ಹೊಟ್ಟೆಯ ಸ್ನಾಯು ಬಿರುಸಾಗಿ ದೂಡಬೇಕು. ನಿಮ್ಮ ಮಗನಿಗೆ ಗಂಟಲು ಸಾಮಾನ್ಯವಾಗಿ ಚೆನ್ನಾಗಿಯೇ ಇರುತ್ತದೆ, ಮೊದಲನೆಯದಕ್ಕೂ ಕೊನೆಯದಕ್ಕೂ ನಾವು ಕೈಜೋಡಿಸಬೇಕು. ಆಸ್ತಮಾದವರು ಊದುವ ಪೀಕ್ ಫ್ಲೋ ಮೀಟರಿನಲ್ಲಿ ಕೆಮ್ಮಿಸಿ ಅಳೆಯುತ್ತೇವೆ. ದೊಡ್ಡ ಮಕ್ಕಳಲ್ಲಿ ನಿಮಿಷಕ್ಕೆ 270 ಲೀಟರಿಗಿಂತ ಕಡಿಮೆ ಬಂದರೆ ನಗಡಿ ಬಂದಾಗ ಆ ಕೆಮ್ಮು ಸಾಲುವುದಿಲ್ಲ, 160ಕ್ಕಿಂತ ಕೆಳಗಿದ್ದರೆ ಆರಾಮಿರುವಾಗಲೂ ಕಫ ಹೊರಬರುವುದಿಲ್ಲ.

ಗಾಳಿ ತುಂಬಲು ಅಂಬು ಬ್ಯಾಗ್ (ಕೈಯಿಂದ ಒತ್ತಿ ಉಸಿರು ಕೊಡುವ ಚೀಲ) ಸಾಕು. ಗಾಳಿ ವಾಪಸ್ಸು ಬರದಂತೆ ಒಂದೇ ದಿಕ್ಕಿನ ವಾಲ್ವ್ ಹಾಕಿದ್ದು ಬೇಕು. ಹುಡುಗನನ್ನು ಕೂರಿಸಿ, ಅವನು ಒಂದು ಉಸಿರು ಎಳೆದುಕೊಂಡಾಗ ಬ್ಯಾಗ್ ಮೆಲ್ಲಗೆ ಒತ್ತುವುದು, ಅವನು ಬಿಡದೆ ಹಿಡಿದುಕೊಳ್ಳುವುದು, ಅದರ ಮೇಲೆ ಇನ್ನೊಂದು, ಮತ್ತೊಂದು. ಎದೆ ಪೂರ್ತಿ ತುಂಬಿತು ಅಂತ ಅವನು ಕಣ್ಣಿನಲ್ಲಿ ಸನ್ನೆ ಮಾಡಿದ ಕೂಡಲೇ ಮಾಸ್ಕ್ ತೆಗೆದು, ಅವನು ಕೆಮ್ಮುವ ಕ್ಷಣಕ್ಕೆ ಸರಿಯಾಗಿ ನೀವು ಅಂಗೈಯಿಂದ ಹೊಕ್ಕುಳ ಮೇಲ್ಭಾಗವನ್ನು ಒಳಗೂ ಮೇಲಕ್ಕೂ ದೂಡುವುದು. ಸನ್ನೆ ಅವನದೇ ಇರಬೇಕು, ನಿಮ್ಮ ಅಂದಾಜಿನಲ್ಲಿ ಮಾಡಬೇಡಿ. ಊಟವಾಗಿ ಎರಡು ತಾಸಾದರೂ ಕಳೆದಿರಲಿ. ಸ್ಟೆರಾಯ್ಡಿನಿಂದ ಮೂಳೆ ದುರ್ಬಲವಾಗಿರುತ್ತವೆ, ಪಕ್ಕೆಲುಬಿನ ಮೇಲೆ ಭಾರ ಹಾಕಬಾರದು. ಓದಿ ಮಾಡುವ ಕೆಲಸವಲ್ಲ ಇದು, ಶ್ವಾಸಕೋಶದ ಡಾಕ್ಟರ ಒಪ್ಪಿಗೆ ಪಡೆದು, ಫಿಸಿಯೊ ಹತ್ತಿರ ನೀವು ಮತ್ತು ನಿಮ್ಮ ಯಜಮಾನರು ಇಬ್ಬರೂ ಕೈಹಿಡಿದು ಕಲಿಯಿರಿ. ಆರಾಮಿರುವಾಗಲೂ ದಿನಾ ಗಾಳಿ ತುಂಬಿಸಿದರೆ ಎದೆಗೂಡು ಬಿಗಿಯಾಗುವುದು ತಗ್ಗುತ್ತದೆ. ಕಾಫ್ ಅಸಿಸ್ಟ್ ಅಂತ ಯಂತ್ರವೂ ಇದೆ, ಗಾಳಿ ತುಂಬಿ ತಕ್ಷಣ ಹೀರಿಕೊಳ್ಳುತ್ತದೆ, ಬೆಲೆ ಲಕ್ಷಗಳಲ್ಲಿ. ಮೊದಲು ಕೈ ಕಲಿಯಲಿ.

ನಗಡಿ ಬಂದಾಗ ಮೆಡಿಕಲ್ ಶಾಪಿನ ಕೆಮ್ಮಿನ ಸಿರಪ್ ಕೊಡಬೇಡಿ. ಕೆಲವು ಕೆಮ್ಮನ್ನೇ ಅಡಗಿಸುತ್ತವೆ, ಕೆಲವು ಮಂಪರು ತರುತ್ತವೆ. ನೆಬುಲೈಸರ್ ಕಫ ತೆಳ್ಳಗೆ ಮಾಡಬಹುದು, ಹೊರಗೆ ತರುವುದಿಲ್ಲ. ಬೆರಳಿನ ಯಂತ್ರ 95ಕ್ಕಿಂತ ಇಳಿದರೆ ಕಫ ಕುಂತಿದೆ ಅಂತ ತಿಳಿದು ಕೆಮ್ಮಿಸಿ. ಕೆಮ್ಮಿಸಿದರೂ ಏರದಿದ್ದರೆ, ಜ್ವರ ಬಂದರೆ, ಹುಡುಗ ಮಂಕಾದರೆ ಬೆಳಗಿನವರೆಗೆ ಕಾಯದೆ ಹೊರಡಿ. ವರ್ಷಕ್ಕೊಮ್ಮೆ ಫ್ಲೂ ಲಸಿಕೆ, ಅದಲ್ಲದೆ ನ್ಯುಮೋನಿಯಾ ತಡೆಯುವ ನ್ಯುಮೊಕಾಕಲ್ ಲಸಿಕೆ ಹಾಕಿಸಿದ್ದೀರಾ? ಸ್ಟೆರಾಯ್ಡ್ ನಡೆದಿದೆ ಅಂತ ಹೇಳಿಯೇ ಹಾಕಿಸಿ.

ಕೇಳದಿದ್ದರೂ ಇನ್ನೊಂದು ಹೇಳಲೇಬೇಕು. ಮೂಳೆ ಮುರಿತ, ಹಲ್ಲು, ಯಾವುದಕ್ಕೇ ಅರಿವಳಿಕೆ ಕೊಡುವ ಪ್ರಸಂಗ ಬಂದರೂ ಡಿಎಂಡಿ ಅಂತ ಮೊದಲೇ ಹೇಳಿ. ಸಕ್ಸಿನಿಲ್‌ಕೋಲಿನ್ ಅನ್ನುವ ಸ್ನಾಯು ಸಡಿಲಿಸುವ ಔಷಧಿ ಮತ್ತು ಮೂಗಿನಿಂದ ಕೊಡುವ ಅರಿವಳಿಕೆ ಅನಿಲಗಳು ಈ ಮಕ್ಕಳ ಜೀವಕ್ಕೆ ಅಪಾಯ ತರಬಹುದು. ಇದನ್ನು ಚೀಟಿಯಲ್ಲಿ ಬರೆದು, ಕೆಳಗೆ "ಬೈಪ್ಯಾಪ್ ಇಲ್ಲದೆ ಬರೀ ಆಕ್ಸಿಜನ್ ಬೇಡ, ಕಾರ್ಬನ್ ಡೈಆಕ್ಸೈಡ್ ನೋಡಿ" ಅಂತ ಡಾಕ್ಟರ ಸಹಿ ಹಾಕಿಸಿ, ಗಾಲಿ ಕುರ್ಚಿಗೇ ಕಟ್ಟಿಡಿ.

ಶರಣನಗರಿ, ಕಲಬುರಗಿ

ಅಕ್ಕಾರೆ, ಬೀದರಿನ ತಮ್ಮ ಹೇಳಿದ್ದೇ ಕೇಳ್ರಿ. ಕಲಬುರಗಿಗಿ ಬಂದಾಗ ದವಾಖಾನ್ಯಾಗ ಓಡಾಡಲಾಕ, ಹುಡುಗನ್ನ ಎತ್ತಿ ಇಳಸಲಾಕ ಯಾರರೆ ಬೇಕಂದ್ರ ಮೆಸೇಜ್ ಮಾಡ್ರಿ, ನಾ ಬರ್ತೀನಿ.

ಭೀಮಾದಂಡೆ, ಯಾದಗಿರಿ

ನನ್ನ ತಮ್ಮನಿಗೆ ಎಸ್‌ಎಂಎ, ಅದೂ ಸ್ನಾಯು ಸೋಲೋ ರೋಗ. ಅವನದೂ ಬೈಪ್ಯಾಪ್ ಮೇಲೇ ರಾತ್ರಿ. ಕರೆಂಟಿನ ಬಗ್ಗೆ ಯಾರೂ ಬರೆದಿಲ್ಲ, ನಾನು ಬರೀತೀನಿ ಅಕ್ಕಾ.

ಇನ್ವರ್ಟರ್ ಮೊದಲು, ಮಷಿನ್ ಆಮೇಲೆ. ಮಷಿನ್ ಅಷ್ಟೇನೂ ಕರೆಂಟ್ ತಿನ್ನಲ್ಲ, ಅದಕ್ಕೆ ಜೋಡಿಸಿದ ನೀರು ಕಾಯಿಸೋ ಹ್ಯುಮಿಡಿಫೈಯರ್ ತಿನ್ನುತ್ತೆ. ಕರೆಂಟ್ ಹೋದಾಗ ಅದೊಂದು ಆರಿಸಿದ್ರೆ ಬ್ಯಾಟರಿ ಎಷ್ಟೋ ಹೆಚ್ಚು ಹೊತ್ತು ಬರುತ್ತೆ. ಆ ಇನ್ವರ್ಟರಿಗೆ ಟಿವಿ, ಫ್ರಿಜ್ ಕೊಡಬೇಡಿ, ಮಷಿನ್ನು ಮತ್ತು ಹುಡುಗನ ಫ್ಯಾನ್ ಅಷ್ಟೇ. ಬೇಸಿಗೆಯಲ್ಲಿ 42, 43 ಡಿಗ್ರಿ ಏರಿದಾಗ ಫ್ಯಾನ್ ಇಲ್ಲದೆ ಮಾಸ್ಕ್ ಹಾಕ್ಕೊಂಡು ಮಲಗೋದು ಯಾರಿಂದ ಆಗುತ್ತೆ? ಅಂಬು ಬ್ಯಾಗ್ ಹಾಸಿಗೆ ಪಕ್ಕದಲ್ಲೇ ಇರಲಿ, ಎಲ್ಲಾ ಕೈಕೊಟ್ಟರೂ ಅದಕ್ಕೆ ಕರೆಂಟ್ ಬೇಡ. ಊರಿನ ಲೈನ್‌ಮನ್‌ಗೆ ಮನೆಗೆ ಕರೆದು ಹುಡುಗನ್ನ ತೋರಿಸಿ. ನಮ್ಮಲ್ಲಿ ಆವತ್ತಿನಿಂದ ಲೈನ್ ತೆಗೆಯೋ ಮುಂಚೆ ಅವರೇ ಫೋನ್ ಮಾಡ್ತಾರೆ.

ತೊಗರಿ ರಾಶಿ ಟೈಮಿನಲ್ಲಿ ಹೊಟ್ಟಿನ ಧೂಳು, ನಿಮ್ಮ ಕಡೆ ಕಲ್ಲಿನ ಧೂಳು ಬೇರೆ. ಮಷಿನ್ ಹಿಂದಿನ ಫಿಲ್ಟರ್ ಆಗಾಗ ತೆಗೆದು ನೋಡಿ, ಕಪ್ಪಾದ್ರೆ ತೊಳೆಯೋದು ತೊಳೀರಿ, ಬದಲಿಸೋದು ಬದಲಿಸಿ. ಅಣ್ಣ ಕೆಲಸದಿಂದ ಬಂದು ಸ್ನಾನ ಮಾಡಿ ಬಟ್ಟೆ ಬದಲಿಸಿಯೇ ಹುಡುಗನ ಹತ್ತಿರ ಹೋಗಲಿ.

ಬೆಂಗಳೂರಿಗೆ ರಾತ್ರಿ ರೈಲಿನಲ್ಲಿ ಹೋಗ್ತೀರಾದ್ರೆ ಡಾಕ್ಟರನ್ನ ಕೇಳಿಯೇ ಹೊರಡಿ. ಈ ಸ್ಥಿತಿಯಲ್ಲಿ ಅವನನ್ನ ಪೂರ್ತಿ ಅಂಗಾತ ಮಲಗಿಸಬೇಡಿ, ಬೆನ್ನಿಗೆ ದಿಂಬು ಕೊಟ್ಟು ಎತ್ತರಿಸಿ. ಅಂಗವಿಕಲರ ಯುಡಿಐಡಿ ಗುರುತಿನ ಕಾರ್ಡ್ ಮಾಡಿಸಿದ್ದೀರಲ್ಲಾ? 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಮಸ್ಕ್ಯುಲರ್ ಡಿಸ್ಟ್ರೊಫಿ ಹೆಸರು ಹಿಡಿದು ಸೇರಿದೆ.

ತೊಗರಿಹೊಲ, ಚಿತ್ತಾಪುರ ತಾಲ್ಲೂಕು

ಎಲ್ಲರಿಗೂ ಕೈ ಮುಗೀತೀನಿ. ಅತ್ತಿಯವರಿಗಿ ಬೀದರಿನ ತಮ್ಮನ ಮಾತು ಓದಿ ಹೇಳಿದೆ. ಆ ಹುಡುಗ ಡಿಗ್ರಿ ಮುಗಿಸ್ಯಾನೇನು ಅಂತ ಎರಡು ಸಲ ಕೇಳಿದ್ರು. ಬಾಜುದವರಿಗಿ ಆಕ್ಸಿಜನ್ ಬ್ಯಾಡ ಅಂತ ಹೇಳಿ ಬಂದೀನಿ.

ರಕ್ತದ ಚೀಟಿ ಸಿಕ್ತು, ಆ ರಾತ್ರಿದು 68 ಅಂತ ಬರದಾರ. ಯುಡಿಐಡಿ ಕಾರ್ಡ್ ಅದ. ಫ್ಲೂ ಲಸಿಕಿ ಯಾರೂ ಹೇಳಿದ್ದಿಲ್ಲ, ಹಾಕಿಸಿಲ್ಲ. ಸೋಮವಾರ ಕಲಬುರಗಿಗಿ ಹೊಂಟೀವಿ, ಶರಣನಗರಿ ಅಣ್ಣಾರೆ, ನಿಮಗ ಮೆಸೇಜ್ ಹಾಕೀನಿ. ಒಂದೇ ಚಿಂತಿ ಉಳದದ. ಮಾರ್ಚಿನಾಗ ಪರೀಕ್ಷಿ, ಈಗ ಮಷಿನ್ ಶುರು ಮಾಡಿದ್ರ ಓದಿಗಿ ತೊಂದ್ರಿ ಆಗ್ತದ, ಪರೀಕ್ಷಿ ಮುಗದ ಮ್ಯಾಲ ಹಚ್ಚೋಣು ಅಂತ ಮಗನೇ ಅಂತಾನ.

ಗಾಲಿಕುರ್ಚಿ, ಬೀದರ್

68 ಅಂದ್ರ ಭಾಳ ಆತು ಅಕ್ಕಾರೆ. ಸೋಮವಾರತನ ಜೋಂಪು ಹೆಚ್ಚಾದ್ರ, ಕರದ್ರ ತಡವಾಗಿ ಓ ಅಂದ್ರ ಅವತ್ತೇ ಹೊರಡ್ರಿ. ಚೀಟಿ ಕೈಯಾಗೇ ಹಿಡಕೊಂಡು ಹೋಗ್ರಿ, ಒಳಗ ಹೋದ ಕೂಡ್ಲೇ ಅದನ್ನೇ ಮೊದಲು ಕೊಡ್ರಿ.

ಪರೀಕ್ಷಿ ಮುಗಿಯೋತನ ಕಾಯಬ್ಯಾಡ್ರಿ. ಈಗ ಅವ ಪುಸ್ತಕ ಹಿಡದು ಕುಂತ್ರೂ ತೆಲ್ಯಾಗ ಇಳಿಯಂಗಿಲ್ಲ, ಕಾರ್ಬನ್ ಡೈಆಕ್ಸೈಡ್ ಏರಿದ ತೆಲಿ ಅದು. ನಾ ಆ ವಯಸ್ಸಿನಾಗ ಒಂದೇ ಪುಟ ಮೂರು ಮೂರು ಸಲ ಓದ್ತಿದ್ದೆ. ಮಷಿನ್ ರೂಢಿ ಆದ ಮ್ಯಾಲ ಓದಿದ್ದು ನೆನಪು ಉಳಿಯಲಾಕ ಹತ್ತು. ಬರಿಯಲಾಕ ಕೈ ಸೋತ್ರ ಸಹಾಯಕರನ್ನ ತಗೊಂಡು ಬರಸಲಾಕ, ಹೆಚ್ಚಿನ ಟೈಮ್ ಕೇಳಲಾಕ ಅವಕಾಶ ಅದ. ಹೆಡ್‌ಮಾಸ್ತರರಿಗಿ ಈಗೇ ಅರ್ಜಿ ಕೊಡ್ರಿ, ಪರೀಕ್ಷಿ ಹಂತ್ಯಾಕ ಬಂದಾಗ ಓಡಾಡೋದು ಬ್ಯಾಡ.

ನೀವು ಹೇಳಿದ್ರ ಅವ ಕೇಳಲಿಕ್ಕಿಲ್ಲ, ಅವ್ವ ಹೇಳಿದ್ದು ಆ ವಯಸ್ಸಿನಾಗ ನಾನೂ ಕೇಳ್ತಿದ್ದಿಲ್ಲ. ಅವನ ಕಡಿಂದ ನನಗ ಒಂದು ಮೆಸೇಜ್ ಹಾಕಸ್ರಿ. ಸಂಜಿ ಆರರ ಮ್ಯಾಲ ವಿಡಿಯೊ ಕಾಲ್ ಮಾಡ್ತೀನಿ, ಮಾಸ್ಕ್ ಹಾಕ್ಕೊಂಡೇ ಮಾತಾಡ್ತೀನಿ, ಅವ ಏನು ಬೇಕಾದ್ರೂ ಕೇಳಲಿ.